ಬೀಗಿತ್ತಿಯ ಒಪ್ಪಿಗೆ

"ಆಯ್ತು ಬೀಗರೇ, ನಿಮ್ಮ ಹೆಸರೇ ಇಡೋಣ," ಎಂದರು ಫೈನಾ ಬೋರಿಸೊವ್ನಾ.

ನಿಸೋನ್ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದರು. ಕತ್ತಿ ಗಲ್ಲದ ಮೇಲೆಯೇ ನಿಂತಿತು. ಪಕ್ಕದ ಕೋಣೆಯಲ್ಲಿ ಎಂಟು ದಿನದ ಮೊಮ್ಮಗ ಅಳುತ್ತಿದ್ದ. ಇನ್ನೊಂದು ಗಂಟೆಯಲ್ಲಿ ಸುನ್ನತಿ, ಅದರ ಜೊತೆಗೇ ನಾಮಕರಣ. ಎಂಟು ವರ್ಷದ ಹಿಂದೆ ಮೊದಲ ಮೊಮ್ಮಗ ಹುಟ್ಟಿದಾಗಲೂ ತಾಷ್ಕೆಂಟಿನ ಇದೇ ಮನೆಯಲ್ಲಿ, ಇದೇ ಹೆಸರಿಗಾಗಿ, ಸೊಸೆಯ ತಾಯಿಯಾದ ಈ ಫೈನಾ ಜೊತೆ ಅವರು ಮೂರು ದಿನ ಜಗಳವಾಡಿ ಸೋತಿದ್ದರು.

ಇಬ್ಬರೂ ಯಹೂದಿಗಳೇ. ಆದರೆ ನಿಸೋನ್ ತಲೆಮಾರುಗಳಿಂದ ಮಧ್ಯ ಏಷ್ಯಾದಲ್ಲೇ ನೆಲೆಸಿದ ಬುಖಾರಿ ಯಹೂದಿ, ಸಮರ್ಕಂದ್‌ನವರು. ಅವರಲ್ಲಿ ಬದುಕಿರುವ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಅಜ್ಜನಿಗೆ ತೋರಿಸುವ ಮರ್ಯಾದೆ. ಫೈನಾ ಅವರ ತಂದೆತಾಯಿ ಯುದ್ಧಕಾಲದಲ್ಲಿ ಮಿನ್ಸ್ಕ್‌ನಿಂದ ತಪ್ಪಿಸಿಕೊಂಡು ಬಂದವರು. ಅವರಲ್ಲಿ ಸತ್ತವರ ಹೆಸರನ್ನಷ್ಟೇ ಇಡುತ್ತಾರೆ. "ಬದುಕಿರೋನ ಹೆಸರು ಕೊಟ್ರೆ ಅದರ ಜೊತೆ ಅವನ ಆಯುಸ್ಸೂ ಹೋಗತ್ತೆ. ಆ ಪಾಪ ನನ್ನ ತಲೆಗೆ ಬೇಡ. ಮೊದಲು ನೀವು ಸಾಯಿರಿ, ಆಮೇಲೆ ಧಾರಾಳವಾಗಿ ಇಡ್ತೀವಿ," ಎಂದಿದ್ದರು ಆಗ. ಮಗುವಿಗೆ ಫೈನಾ ಅವರ ಸತ್ತ ತಂದೆ ಬೋರಿಸ್‌ನ ಹೆಸರು ಬಿತ್ತು.

ನಿಸೋನ್‌ಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಅವರಿಗೂ ಅಜ್ಜನ ಹೆಸರನ್ನೇ ಇಟ್ಟಿದ್ದರು. ಸಮರ್ಕಂದ್‌ನ ಮನೆಯಲ್ಲಿ ಅಜ್ಜಿ "ನಿಸೋನ್!" ಎಂದು ಕೂಗಿದರೆ ಎರಡು ಕಡೆಯಿಂದ "ಹ್ಞಾಂ" ಬರುತ್ತಿತ್ತು. ಗಂಡನನ್ನು ಬೈಯಬೇಕೆನಿಸಿದಾಗ ಅಜ್ಜಿ ಮೊಮ್ಮಗನನ್ನು ಬೈಯುತ್ತಿದ್ದರು: "ನಿಸೋನ್, ಎಷ್ಟು ತಿಂತೀಯೋ!" ಅತ್ತ ಅಜ್ಜ ಸದ್ದಿಲ್ಲದೆ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಡುತ್ತಿದ್ದರು. ಅಂಥ ಒಂದು ಕೂಗಿಗೆ ಈ ಸಲ ಅಜ್ಜನ ಜಾಗದಿಂದ ಓಗೊಡಬೇಕು ಎಂಬುದಷ್ಟೇ ಅವರ ಆಸೆ.

"ಏನು ಬೀಗಿತ್ತಿ, ಈ ವಯಸ್ಸಲ್ಲಿ ಬುದ್ಧಿ ಬಂತಾ?"

"ಕಾಲ ಬದಲಾಯ್ತು ಬೀಗರೇ. ಅದನ್ನೆಲ್ಲ ಈಗ ಯಾರು ನಂಬ್ತಾರೆ?"

ಫೈನಾ ಚಹಾದ ಬಟ್ಟಲನ್ನು ಕನ್ನಡಿಯ ಕೆಳಗಿಟ್ಟರು. ಬಟ್ಟಲಲ್ಲಿ ಅರ್ಧ ಚಹಾ ಇತ್ತು. ಈ ಊರಿನಲ್ಲಿ ಬೇಕಾದವರಿಗೆ ಅರ್ಧವೇ ಸುರಿಯುತ್ತಾರೆ, ಮತ್ತೆ ಮತ್ತೆ ಹಾಕಲಿಕ್ಕೆ. ತುಂಬಿಸಿ ಕೊಟ್ಟರೆ ಕುಡಿದು ಹೊರಡು ಎಂದರ್ಥ. ಮಕ್ಕಳ ಮದುವೆಯಾದ ಹನ್ನೊಂದು ವರ್ಷದಿಂದ ಫೈನಾ ಬೇಕೆಂದೇ ಅಂಚಿನವರೆಗೆ ತುಂಬಿಸಿ ಕೊಡುತ್ತಿದ್ದರು, ನಿಸೋನ್ ಬೇಕೆಂದೇ ಎರಡನೆಯ ಬಟ್ಟಲು ಕೇಳುತ್ತಿದ್ದರು.

ಯಾರು ನಂಬುತ್ತಾರೆ? ಮಗು ಹುಟ್ಟುವ ಮುಂಚೆ ಕಾಲುಚೀಲವನ್ನೂ ಕೊಳ್ಳಬಾರದೆಂದು ಮನೆಯವರಿಗೆಲ್ಲ ತಾಕೀತು ಮಾಡಿದವರು ಈ ಫೈನಾ. ಇವತ್ತು ಬೆಳಿಗ್ಗೆ ಮಗುವಿನ ಕೈಗೆ, ದೃಷ್ಟಿ ತಾಗದಿರಲೆಂದು, ಕೆಂಪು ದಾರ ಕಟ್ಟಿದವರೂ ಅವರೇ.

ನಿಸೋನ್ ನಲವತ್ತಾರು ವರ್ಷ ಕ್ಷೌರದಂಗಡಿಯಲ್ಲಿ ನಿಂತವರು. ಬೆನ್ನ ಹಿಂದೆ ಇರುವವರನ್ನು ತಿರುಗದೆ ನೋಡುವುದು ಅವರಿಗೆ ಅಭ್ಯಾಸ. ಕನ್ನಡಿಯಲ್ಲಿ, ಬಾಗಿಲ ಬಳಿ, ಮಗ ಇಲ್ಯಾವು ಕಂಡ. ಫೈನಾ ಅವನತ್ತ ನೋಡಿ, ಹೇಳಿಯಾಯಿತು ಎಂಬಂತೆ, ಒಮ್ಮೆ ತಲೆಯಾಡಿಸಿದರು. ಅವನು ಕಣ್ಣು ತಗ್ಗಿಸಿದ.

"ಇಲ್ಯಾವು, ಆಸ್ಪತ್ರೆ ಚೀಟಿ ಎಲ್ಲಿಟ್ಟಿದ್ದೀಯ?"

"ಯಾವ ಚೀಟಿ ಅಪ್ಪ?"

"ಹೋದ ಮಂಗಳವಾರ ತಂದಿದ್ದು. ನನ್ನ ಹೊಟ್ಟೇದು."

"ಅದು ಹುಣ್ಣು ಅಂತ ಹೇಳಿದ್ನಲ್ಲ. ಮಾತ್ರೆ ನುಂಗಿದ್ರೆ ಹೋಗತ್ತೆ."

"ಹುಣ್ಣು ಅಂತ ಹೇಳಿದ್ದು ನೀನು. ಚೀಟಿ ಏನು ಹೇಳತ್ತೆ?"

"ಎಲ್ಲೋ ಇದೆ, ಹುಡುಕಿ ಕೊಡ್ತೀನಿ. ಈಗ ಜನ ಬರೋ ಹೊತ್ತು..."

"ಚಹಾ ಆರಿ ಹೋಗತ್ತೆ, ಕುಡೀರಿ ಬೀಗರೇ," ಎಂದರು ಫೈನಾ. ದನಿ ಮೆತ್ತಗಿತ್ತು. ಈ ಹನ್ನೊಂದು ವರ್ಷದಲ್ಲಿ ಆಕೆಯ ಬೈಗುಳವನ್ನು ನಿಸೋನ್ ಯಾವತ್ತೂ ಇಷ್ಟೊಂದು ಬಯಸಿರಲಿಲ್ಲ. ಅವರು ಉಳಿದ ಅರ್ಧ ಗಡ್ಡವನ್ನು ನಿಧಾನವಾಗಿ ಹೆರೆದರು. ಒಂದೂ ಗಾಯವಾಗಲಿಲ್ಲ. ಮುಖ ಒರೆಸಿಕೊಂಡು, ಬೆಲ್ಟನ್ನು ಹೊಸದಾಗಿ ಕೊರೆದಿದ್ದ ತೂತಿಗೆ ಸಿಕ್ಕಿಸಿದರು. ಎರಡು ತಿಂಗಳಲ್ಲಿ ಅದು ಮೂರನೆಯ ತೂತು.

ಹತ್ತು ಗಂಟೆಗೆ ಅವರು ದಿಂಬಿನ ಮೇಲೆ ಮಗುವನ್ನಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಮಗುವನ್ನು ತೊಡೆಯ ಮೇಲೆ ಹಿಡಿಯುವ ಗೌರವ ಅಜ್ಜನದು. ಸುನ್ನತಿ ಮಾಡುವ ರಬ್ಬಿ ಊರಿಗೆ ಹೊಸಬರು, ಫೈನಾ ಕಡೆಯ ಪದ್ಧತಿಯವರು. ಕೈ ತೊಳೆಯುವ ಮುಂಚೆ ಪುಸ್ತಕ ಬಿಡಿಸಿ ಕೇಳಿದರು.

"ಮಗುವಿನ ಹೆಸರು?"

"ನಿಸೋನ್," ಎಂದ ಇಲ್ಯಾವು.

ರಬ್ಬಿ ಬರೆದುಕೊಂಡರು. ಪೆನ್ನು ಎತ್ತದೆ, ಎಲ್ಲ ಮನೆಗಳಲ್ಲೂ ಕೇಳುವಂತೆ ಕೇಳಿದರು. "ಯಾರ ನೆನಪಿಗೆ?"

ಇಲ್ಯಾವು ಕೆಮ್ಮಿದ. ಫೈನಾ ನೆಲದ ಜಮಖಾನೆಯನ್ನು ನೋಡತೊಡಗಿದರು.

ನಿಸೋನ್ ಮಗುವಿನ ಎರಡೂ ಮೊಣಕಾಲುಗಳನ್ನು ಅಲುಗದಂತೆ ಹಿಡಿದರು.

"ನನ್ನ ನೆನಪಿಗೆ," ಎಂದರು. "ಬರ್ಕೊಳ್ಳಿ."