ಮೇಲಿನಮ್ಮನ ಕೋಟು

ಡ್ಯೂಟಿಯ ಕೋಟನ್ನು ಹೊಲಿಗೆ ಮೆಷಿನ್ನಿನ ಮೇಲೆ ಧೊಪ್ಪನೆ ಹಾಕಿ ಅವಳು ಕೇಳಿದಳು: "ಪಕ್ಕದ ಹೊಲಿಗೇಲಿ ಸಡಿಲ ಬಿಡೋಕೆ ಇನ್ನೆಷ್ಟು ಬಟ್ಟೆ ಉಳ್ದಿದೆ ರೀ?"

ದರ್ಜಿಯ ಕಾಲು ಪೆಡಲಿನ ಮೇಲೇ ನಿಂತಿತು. "ಯಾವ ಬಟ್ಟೆ?" ಎಂದ, ಏನೂ ಅರಿಯದ ಕೂಸಿನ ಹಾಗೆ.

"ನಾಟಕ ಸಾಕು. ಮೇಲೆ ಕ್ರೇನಲ್ಲಿ ನನ್ನ ಕ್ಯಾಬಿನ್ನಿಗೆ ನಾಲ್ಕೂ ಕಡೆ ಗಾಜು. ಆ ಬಿಸಿಲಲ್ಲಿ ನೀವು ಬಿಚ್ಚಿದ ಹಳೇ ಹೊಲಿಗೆಯ ಸೂಜಿ ತೂತು ಒಂದೊಂದೂ ಕಾಣುತ್ತೆ."

ಸಿಕ್ಕಿಬಿದ್ದ. ಹೆಂಡತಿ ಬಂದರಿನಲ್ಲಿ ಕ್ರೇನ್ ನಡೆಸುವವಳು. ಅಲ್ಲಿ ಎಲ್ಲರ ಬಾಯಲ್ಲೂ ಅವಳು 'ಮೇಲಿನಮ್ಮ'. ಅಂಗಡಿಯ ಕಿಟಕಿಯಿಂದ ನೋಡಿದರೆ ಗೋದಾಮುಗಳ ತಲೆಯ ಮೇಲೆ ಆ ಕ್ರೇನಿನ ಹಳದಿ ತೋಳು ಕಾಣುತ್ತದೆ. ಗುಂಡಿ ಹಾಕಿಸಲು ಬಂದ ಗಿರಾಕಿಗೂ "ಅದೋ ನೋಡಿ, ನಮ್ಮನೆಯವಳು" ಎಂದು ತೋರಿಸದೆ ಬಿಟ್ಟವನಲ್ಲ ದರ್ಜಿ. ಅಂಥವಳು ಮೈ ತುಂಬಿಕೊಂಡು ಕೋಟಿನ ಗುಂಡಿ ಹಾಕಲಾಗದೆ ಒಂದು ದಿನವೂ ಮುಖ ಸಣ್ಣದು ಮಾಡಿಕೊಳ್ಳಬಾರದು. ಅದಕ್ಕೇ ಕೋಟು ಒಗೆತಕ್ಕೆ ಬಿದ್ದಾಗಲೆಲ್ಲ ಹೊಲಿಗೆ ಬಿಚ್ಚಿ, ಚೂರೇ ಚೂರು ಸಡಿಲಿಸಿ, ಇಸ್ತ್ರಿ ಹೊಡೆದು, ಏನೂ ಆಗಿಲ್ಲವೆಂಬಂತೆ ಗೂಟಕ್ಕೆ ನೇತುಹಾಕುತ್ತಿದ್ದ. ವರ್ಷಗಳಿಂದ ನಡೆದ ಕಳ್ಳಾಟ. ಪ್ರೀತಿ ಎಂದರೆ ಅದೇ ಎಂದುಕೊಂಡಿದ್ದ.

"ನಿನಗೇನಾಗಿದೆ ಈಗ? ಅದೇ ಕೋಟು ಇವತ್ತಿಗೂ ಸರಿಹೋಗ್ತಿಲ್ವಾ?" ಎಂದು ನಾಚಿಕೆ ಬಿಟ್ಟು ಕೊನೆಯ ಬಾಣ ಬಿಟ್ಟ.

"ಕೋಟು ಸರಿಹೋಗ್ತಿದೆ. ಏಣಿ ಸರಿಹೋಗ್ತಿಲ್ಲ." ಅವಳು ಸ್ಟೂಲಿನ ಮೇಲೆ ಕೂತಳು. "ಮೊನ್ನೆ ಅರ್ಧ ಏಣೀಲೇ ನಿಂತ್ಬಿಟ್ಟೆ. ಮಂಡಿ ಮೇಲಕ್ಕೂ ಬರಲ್ಲ, ಕೆಳಗೂ ಇಳಿಯಲ್ಲ. ಎದೆ ಡಬಡಬ. ಮೇಲೆ ಪಾಳಿ ಮುಗಿಸಿ ಕಾಯ್ತಿದ್ದೋನು 'ಏನು ಮೇಲಿನಮ್ಮಾ, ಗಾಳಿ ತಗೋತಿದೀರಾ?' ಅಂತ ಕೂಗ್ದ. ಹೂಂ ಕಣಪ್ಪಾ ಅಂದೆ."

ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ.

"ಇನ್ನೊಂದು ಸಲ ಹಂಗಾದ್ರೆ ಕ್ರೇನಿಂದ ಇಳಿಸಿ ಗೇಟಲ್ಲಿ ಕೂರಿಸ್ತಾರೆ. ಡಾಕ್ಟರು ಆಪರೇಷನ್ ಮಾಡಿಸ್ಕೋಬಹುದು ಅಂದಿದಾರೆ. ಹೊಟ್ಟೆಯೊಳಗಿನ ಚೀಲ ಚಿಕ್ಕದು ಮಾಡೋದು, ನೀವು ಪ್ಯಾಂಟಿನ ಜೇಬು ಚಿಕ್ಕದು ಮಾಡಲ್ವಾ, ಹಾಗೆ. ತೂಕ ಇಳಿದ್ರೆ ಮಂಡಿಗೂ ಹಗುರ, ಸಕ್ಕರೆ ಕಾಯಿಲೇನೂ ಹತೋಟಿಗೆ ಬರಬಹುದು."

ಒಳಗಿನಿಂದ ದರ್ಜಿಯ ತಾಯಿ ದನಿ ತೂರಿಸಿದಳು: "ಬಾಯಿ ಕಟ್ಟಿದ್ರೆ ಆಗೋ ಕೆಲಸಕ್ಕೆ ಹೊಟ್ಟೆ ಯಾಕೆ ಕೊಯ್ಸ್ಕೋಬೇಕು?"

"ಬಾಯಿ ಕಟ್ಟಿಯೂ ನೋಡ್ದೆ ಅತ್ತೆ, ಎಷ್ಟೋ ಸಲ. ಹೋದ ತೂಕ ನೆಂಟರನ್ನೂ ಕರ್ಕೊಂಡು ವಾಪಸ್ ಬಂತು. ನಿಮ್ಮ ಕಣ್ಣಿನ ಪೊರೆ, ಕಣ್ಣು ಮುಚ್ಕೊಂಡು ಕೂತಿದ್ರೆ ಹೋಗ್ತಿತ್ತಾ?"



ದರ್ಜಿ ಮೇಜಿನ ಮೇಲಿದ್ದ ಕತ್ತರಿಯತ್ತ ನೋಡಿದ. ಬಟ್ಟೆಯ ಮೇಲೆ ಕತ್ತರಿ ತಪ್ಪಿದರೆ ತೇಪೆ ಹಾಕಬಹುದು. ಇದು ಅವಳ ಮೈ. "ಹೆದರಿಕೆ ಆಗಲ್ವೇನೇ?"

"ಆಗದೆ ಏನು? ಮೊದಲನೇ ದಿನ ಏಣಿ ಹತ್ತೋವಾಗ್ಲೂ ಆಗಿತ್ತು. ಶನಿವಾರ ಓವರ್‌ಟೈಮ್ ಅಂತ ಹೇಳಿ ಹೋಗ್ತಿದ್ನಲ್ಲ, ಅದು ಈ ಆಪರೇಷನ್ ಮಾಡಿಸ್ಕೊಂಡೋರು ಸೇರೋ ಕಡೆಗೆ. ಯಾರಿಗೆ ಚೆನ್ನಾಗಾಯ್ತು, ಯಾರು ಕಷ್ಟಪಟ್ರು, ಎರಡೂ ಕೇಳ್ಕೊಂಡೆ. ಅಲ್ಲೊಬ್ಬಳು ಬೇಕರಿಯವಳಿದಾಳೆ. 'ಡಾಕ್ಟರ ಕೆಲಸ ಒಂದೇ ಬೆಳಿಗ್ಗೇಲಿ ಮುಗಿಯುತ್ತೆ, ನಮ್ಮದು ದಿನಾ ಊಟಕ್ಕೆ ಕೂತಾಗ ಶುರುವಾಗುತ್ತೆ, ಮನೇಲಿ ಒಬ್ಬರಾದ್ರೂ ಜೊತೆಗಿರ್ಬೇಕು' ಅಂದ್ಲು." ಇಲ್ಲಿಯವರೆಗೆ ಗಟ್ಟಿಯಾಗಿದ್ದ ಅವಳ ದನಿ ತಗ್ಗಿತು. "ನಾನು ನಿರ್ಧಾರ ಮಾಡಿ ಆಗಿದೆ. ಒಪ್ಪಿಗೆ ಕೇಳ್ತಿಲ್ಲ. ನಾಳೆ ಡಾಕ್ಟರು ಮನೆಯವರನ್ನ ಕರ್ಕೊಂಡ್ಬಾ ಅಂದಿದಾರೆ. ಬರ್ತೀರಾ?"

ಇಷ್ಟು ಎತ್ತರ ಇವಳು ಒಬ್ಬಳೇ ಹತ್ತಿದ್ದಾಳೆ, ನಾನು ಕೆಳಗೆ ಕೂತು ಹೊಲಿಗೆ ಬಿಚ್ಚುತ್ತಿದ್ದೆ ಎಂದುಕೊಂಡ ದರ್ಜಿ.

"ಅವನು ಬರದಿದ್ರೆ ನಾನ್ ಬರ್ತೀನಿ," ತಾಯಿ ಬಾಗಿಲಲ್ಲಿ ಪ್ರತ್ಯಕ್ಷಳಾಗಿದ್ದಳು. "ಆ ಡಾಕ್ಟರ ಕೈ ನಡುಗುತ್ತಾ ಏನು ಅಂತ ನೋಡ್ಬೇಕು. ಈಗ ನನ್ನ ಕಣ್ಣು ಚೆನ್ನಾಗಿ ಕಾಣುತ್ತಲ್ಲ."

"ಮೂವರೂ ಹೋಗೋಣಮ್ಮ. ನಾಳೆ ಅಂಗಡಿ ತೆಗೆಯಲ್ಲ," ಎಂದ ದರ್ಜಿ. ಕೋಟು ಕಂಡೊಡನೆ ಅವನ ಕೈ ತಾನಾಗಿ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಹಿಡಿದಿತ್ತು. ಅದನ್ನು ಡ್ರಾಯರಿಗೆ ಹಾಕಿ ಮುಚ್ಚಿದ. ಕೋಟಿನ ಒಳಮಗ್ಗುಲು ಹೊರಗೆ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದ. ಹಳೆಯ ಹೊಲಿಗೆಗಳ ಸಾಲು ಒಂದರ ಪಕ್ಕ ಒಂದು, ಏಣಿಯ ಮೆಟ್ಟಿಲುಗಳ ಹಾಗೆ. ಅಂಚಿನಲ್ಲಿ ಬಿಡಲು ಉಗುರಿನಷ್ಟೂ ಬಟ್ಟೆ ಉಳಿದಿರಲಿಲ್ಲ.

"ಇಲ್ಲಿಂದ ಶುರು ಮಾಡಿದ್ದು," ಎಂದು ಅಂಚಿನಿಂದ ತೀರಾ ದೂರದ ಸಾಲನ್ನು ತೋರಿಸಿದ. "ವಾಪಸ್ ಇಲ್ಲಿಗೇ ತಂದುಕೊಡ್ತೀನಿ, ನೋಡ್ತಿರು."

"ಅಷ್ಟು ದೂರ ಯಾರಿಗೆ ಬೇಕು?" ಅವಳು ಎರಡು ಸಾಲು ಈಚೆಗೆ ಬೆರಳಿಟ್ಟಳು. "ಇಲ್ಲಿವರೆಗೆ ಸಾಕು. ಇಷ್ಟಿದ್ದಾಗ ಹಾಡು ಹೇಳ್ಕೊಂಡು ಏಣಿ ಹತ್ತುತ್ತಿದ್ದೆ."

ಅವನು ಸೀಮೆಸುಣ್ಣ ತೆಗೆದುಕೊಂಡ. ಅವಳ ಬೆರಳನ್ನು ಸರಿಸದೆ, ಅದರ ತುದಿಯ ಸುತ್ತಲೇ ಗುರುತು ಹಾಕಿದ.