ಪೊರೆಯೊಳಗಿನ ಮಗು

ಮಾಲಿನಿ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿ ಮಡಚುತ್ತಿದ್ದಳು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಜಯಂತಿ ಸಿಸ್ಟರ್ ಕೂಗಿದರು.

"ಮಾಲಿನೀ, ಬಾರೆ ಬೇಗ! ಇದು ಡಾಕ್ಟರು ಬರುವವರೆಗೆ ಕಾಯೂದಲ್ಲ."

ಪತ್ರ ಮೇಜಿನ ಮೇಲೇ ಉಳಿಯಿತು. ಒಳಗೆ, ಮುರ್ಡೇಶ್ವರದಿಂದ ಆಟೋದಲ್ಲಿ ಬಂದಿದ್ದ ದೇವಿ ಹಾಸಿಗೆಯ ಕಂಬಿ ಹಿಡಿದು ಒದ್ದಾಡುತ್ತಿದ್ದಳು. ಮೂರನೆಯ ಹೆರಿಗೆ, ದಿನ ತುಂಬಲು ಇನ್ನೂ ಮೂರು ವಾರವಿತ್ತು. ಡಾಕ್ಟರು ಪಕ್ಕದ ಥಿಯೇಟರಿನಲ್ಲಿ ಸಿಸೇರಿಯನ್ ಮಾಡುತ್ತಿದ್ದರು. ಐವರು ನರ್ಸುಗಳಿದ್ದ ವಾರ್ಡು ಅದು. ಒಬ್ಬಳು ಮಂಗಳೂರಿಗೆ ಹೋದಳು, ಒಬ್ಬಳು ಮಸ್ಕತ್ತಿಗೆ, ಇನ್ನೊಬ್ಬಳು ಸಾಕಾಯ್ತೆಂದು ಮನೆಯಲ್ಲೇ ಕುಳಿತಳು. ಉಳಿದವರು ಇವರಿಬ್ಬರೇ. ಎಂಟು ವರ್ಷದಿಂದ ಇಲ್ಲಿದ್ದ ಮಾಲಿನಿಗೆ ಈಚೆಗೆ ಮನೆಯಲ್ಲಿ ಊಟಕ್ಕೆ ಕೂತರೂ ಯಾರೋ ನರಳಿದ ಹಾಗೆ ಕೇಳುತ್ತಿತ್ತು. ಕುಮಟಾದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಒಂಬತ್ತರಿಂದ ಐದರವರೆಗಿನ ಕೆಲಸ ಸಿಕ್ಕಿತ್ತು.

"ಇನ್ನೊಂದ್ ಸಲ, ದೇವಿ. ಉಸಿರು ಕಟ್ಟಿ ಮುಕ್ಕು," ಎಂದರು ಜಯಂತಿ.

ತಲೆ ಕಾಣಿಸಬೇಕಾದಲ್ಲಿ ಮಾಲಿನಿಗೆ ಕಂಡದ್ದು ಬೇರೆಯೇ. ನುಣ್ಣನೆಯ, ಹೊಳೆಯುವ ಒಂದು ಗುಳ್ಳೆ. ಮಗುವನ್ನು ಸುತ್ತಿರುವ ನೀರಿನ ಪೊರೆ ಒಡೆದೇ ಇರಲಿಲ್ಲ. ಅದನ್ನು ಒಡೆಯಲೆಂದು ಅವಳು ಕೈ ಚಾಚಿದಳು. ಜಯಂತಿ ಅವಳ ಮಣಿಕಟ್ಟು ಹಿಡಿದರು.

"ತಡಿ. ಅದರಷ್ಟಕ್ಕೆ ಬರ್ಲಿ."

ಮತ್ತೊಂದು ನೋವು ಬಂತು. ಮಗು ಪೊರೆಯ ಸಮೇತ, ಇಡಿಯಾಗಿ, ಮಾಲಿನಿಯ ಎರಡೂ ಅಂಗೈಗಳ ಮೇಲೆ ಬಂದು ಕೂತಿತು.

ಗಾಜಿನಷ್ಟು ತಿಳಿಯಾದ ಪೊರೆಯೊಳಗೆ, ನೀರಿನಲ್ಲಿ, ಮಗು ಮುದುಡಿಕೊಂಡಿತ್ತು. ತಲೆಗೂದಲು ಪಾಚಿಯಂತೆ ಮೆಲ್ಲಗೆ ತೇಲಾಡುತ್ತಿತ್ತು. ಗಲ್ಲದ ಹತ್ತಿರವಿದ್ದ ಮುಷ್ಟಿ ನಿಧಾನ ಬಿಚ್ಚಿಕೊಂಡಿತು. ಐದು ಬೆರಳುಗಳು ಒಳಗಿನಿಂದ ಪೊರೆಯನ್ನು ಮುಟ್ಟಿ ನೋಡಿದವು, ಮತ್ತೆ ಮಡಚಿಕೊಂಡವು. ಲೋಕಕ್ಕೆ ಬಂದಾಗಿತ್ತು, ಬಂದದ್ದು ಇನ್ನೂ ಅದಕ್ಕೆ ತಿಳಿದಿರಲಿಲ್ಲ. ತಾಯಿಯ ಹೊಟ್ಟೆಯೊಳಗೆ ಮಕ್ಕಳು ಹೇಗಿರುತ್ತವೆಂದು ಮಾಲಿನಿ ಪುಸ್ತಕದಲ್ಲಿ ಓದಿದ್ದಳು. ಈಗ ಅದನ್ನು ಕೈಯಲ್ಲಿ ಹಿಡಿದಿದ್ದಳು.

ಎಷ್ಟು ಹೊತ್ತೋ. ನಾಲ್ಕೈದು ಉಸಿರಿನಷ್ಟಿರಬೇಕು.

"ಬಿಡಿಸೆ," ಎಂದರು ಜಯಂತಿ. ಅವರ ದನಿ ಪಿಸುಮಾತಾಗಿತ್ತು. "ನೀನೇ ಬಿಡಿಸು."

ಮಾಲಿನಿ ಮಗುವಿನ ಮುಖದಿಂದ ದೂರಕ್ಕೆ ಪೊರೆಯನ್ನು ಚಿಮುಟದಲ್ಲಿ ಎತ್ತಿ ಕತ್ತರಿಸಿದಳು. ಬೆಚ್ಚನೆಯ ನೀರು ಮೊಣಕೈವರೆಗೆ ಹರಿಯಿತು. ಮಗು ಮುಖ ಕಿವುಚಿ, ಬಾಯಿ ತೆರೆದು, ಕೋಣೆ ತುಂಬ ಅತ್ತಿತು. ಅವಳು ಅದನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ತಾಯಿಯ ಎದೆಯ ಮೇಲೆ ಮಲಗಿಸಿದಳು. ದೇವಿ ಕಣ್ಣು ಮುಚ್ಚಿಕೊಂಡೇ ಅದನ್ನು ಅಪ್ಪಿದಳು. ನಡೆದದ್ದೊಂದೂ ಅವಳಿಗೆ ಕಂಡಿರಲಿಲ್ಲ.

"ನೀವು ಮೊದ್ಲು ನೋಡಿದ್ದೀರಾ ಅಕ್ಕ?"

"ಇಪ್ಪತ್ತೇಳು ವರ್ಷ ಆತು ನಾನು ಬಂದು. ಹೀಗೂ ಆಗ್ತದೆ ಅಂತ ಕೇಳಿದ್ದೆ, ಅಷ್ಟೇ." ಜಯಂತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ದನಿ ಗಟ್ಟಿ ಮಾಡಿಕೊಂಡರು. "ಆದ್ರೆ ಇದನ್ನ ನೋಡಿ ನೀ ಮನಸ್ಸು ಬದಲು ಮಾಡ್ಬೇಡ. ನಾಳೆಗೂ ನಾವಿಬ್ಬರೇ. ನಾಳೆ ಇಂಥದ್ದು ಎಂತದೂ ಇರೂದಿಲ್ಲ."

"ಗೊತ್ತುಂಟು ಅಕ್ಕ." ಮಾಲಿನಿ ತನ್ನ ಒದ್ದೆ ಕೈಗಳನ್ನೇ ನೋಡುತ್ತಿದ್ದಳು. "ಆದ್ರೂ ನಾ ಹೋಗೂದಿಲ್ಲ. ಮೇಲಿನವರಿಗೆ ಬೇರೆ ಪತ್ರ ಬರೀತೇನೆ. ಮೂವರು ನರ್ಸು ಕೊಡಿ, ಇಲ್ಲಾಂದ್ರೆ ಕಾರಣ ಕೊಡಿ ಅಂತ. ನೀವೂ ಸಹಿ ಹಾಕ್ಬೇಕು."

"ಮೊದಲನೇ ಸಹಿ ನಂದೇ," ಎಂದರು ಜಯಂತಿ.

"ಸಿಸ್ಟರೇ," ಹಾಸಿಗೆಯಿಂದ ದೇವಿ ಸಣ್ಣ ದನಿಯಲ್ಲಿ ಕರೆದಳು. "ಗಂಡೋ, ಹೆಣ್ಣೋ? ಯಾರೂ ಹೇಳ್ಲೇ ಇಲ್ಲ."

ಮಾಲಿನಿ ಜಯಂತಿಯ ಮುಖ ನೋಡಿದಳು. ಜಯಂತಿ ಮಾಲಿನಿಯ ಮುಖ ನೋಡಿದರು. ಇಬ್ಬರೂ ಸೇರಿ ಅದೆಷ್ಟು ಸಾವಿರ ಮಕ್ಕಳನ್ನು ಹಿಡಿದವರೋ. ಇವತ್ತು ಇಬ್ಬರೂ ನೋಡಲು ಮರೆತಿದ್ದರು.