ಚೌಡಣ್ಣನ ಅಂಗಡಿಯ ವೀರಗಲ್ಲು

ರಸ್ತೆ ಅಗಲ ಮಾಡಲು ಚೌಡಣ್ಣನ ಟೀ ಅಂಗಡಿ ಕೆಡವುತ್ತಾರೆಂದು ಗೊತ್ತಾದ ದಿನವೇ ನಾನೊಂದು ಸ್ಮಾರಕ ತಯಾರಿಸಿದೆ. ನಮ್ಮ ಮನೆಯ ಬಟ್ಟೆ ಒಗೆಯುವ ಕಲ್ಲನ್ನು ತಂದು ಅಂಗಡಿ ಪಕ್ಕ ನಿಲ್ಲಿಸಿ, ಕುಂಕುಮ ಬಳಿದು, ‘ಪ್ರಾಚೀನ ವೀರಗಲ್ಲು’ ಎಂದು ಬೋರ್ಡು ನೆಟ್ಟೆ.

“ಸಿಕ್ಕಾಕ್ಕೊಂಡ್ರೆ ಏನ್ಲಾ ಗತಿ?” ಎಂದ ಚೌಡಣ್ಣ.

“ಹೀರೋ ಎಂಟ್ರಿ ಆಗೈತೆ ಕಣಣ್ಣೋ. ಜೆಸಿಬಿ ಬರೀ ವಿಲನ್ನು, ಇಂಟರ್ವಲ್‌ಗೇ ಓಡೋಯ್ತದೆ.”

ಜೆಸಿಬಿ ಬಂತು. ಅದರ ಹಿಂದೆಯೇ ಸುದ್ದಿ ಕೇಳಿ ಪುರಾತತ್ವ ಇಲಾಖೆಯ ಮೇಡಂ ಬಂದರು. ಕಲ್ಲನ್ನು ಮೂಸಿ, “ಸೋಪಿನ ವಾಸನೆ ಬರ್ತಿದೆ” ಎಂದರು. ಆಮೇಲೆ ಹಿಂಬದಿಗೆ ಮೆತ್ತಿದ್ದ ಮಣ್ಣು ಕೆರೆದರು. ಇಷ್ಟು ವರ್ಷ ನೆಲಕ್ಕೆ ಬೋರಲು ಬಿದ್ದಿದ್ದ ಆ ಬದಿಯಲ್ಲಿ ಕತ್ತಿ ಹಿಡಿದ ವೀರನೊಬ್ಬ ನಿಂತಿದ್ದ.

“ಒರಿಜಿನಲ್ಲೇ!” ಎಂದರು ಮೇಡಂ.

ನಾನು ಶಿಳ್ಳೆ ಹೊಡೆದೆ. “ಹಂಗಾದ್ರೆ ಅಂಗಡಿ ಸೇಫಾ ಮೇಡಂ?”

“ರಸ್ತೆ ಕೆಲಸ ನಿಲ್ಲುತ್ತೆ. ಆದ್ರೆ ಕಲ್ಲು ಸಿಕ್ಕಿದ ಜಾಗ ಅಗೀಬೇಕು, ಮೇಲೆ ಏನೇ ಕಟ್ಟಿದ್ರೂ ಕೆಡವಿ. ಇದು ಈ ಅಂಗಡಿ ಕೆಳಗೆ ಸಿಕ್ಕಿದ್ದಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಚೌಡಣ್ಣ ಜೆಸಿಬಿ ಹತ್ತಿ ಡ್ರೈವರ್ ಪಕ್ಕ ಕೂತಿದ್ದ.

“ಇವ್ರ ಮನೇಲಿ ಸಿಕ್ಕಿದ್ದು ಮೇಡಂ. ಬನ್ನಿ, ನಾನೇ ದಾರಿ ತೋರಿಸ್ತೀನಿ.”